ಕೂಲಿ ಬಾಕಿ ಇಟ್ಟುಕೊಂಡು ಸೈರಣೆ ಬೇಡಿದ್ದೆ

2020ರ ಮಾರ್ಚ್ ಕೊನೆ ವಾರ. ಕೋಲಾರದ ಹತ್ತಿರ ನಮ್ಮ ಒಂದು ಎಕರೆ ತೋಟದಲ್ಲಿ ಟೊಮೇಟೊ ಕೆಂಪಗೆ ತೂಗುತ್ತಿತ್ತು. ಮೂರು ಸಲ ಹಣ್ಣು ಬಿಡಿಸಿದ್ದೆವು, ಅಷ್ಟರಲ್ಲಿ ಲಾಕ್‌ಡೌನ್ ಬಂತು. ನಮ್ಮ ಹಣ್ಣು ಹೋಗುವುದೇ ಜಾಸ್ತಿ ಹೊರರಾಜ್ಯಕ್ಕೆ. ಲಾರಿ ಬರದಿದ್ದರೆ ಮಂಡಿಯಲ್ಲಿ ಹರಾಜು ಕೂಗಿ ಏನು ಪ್ರಯೋಜನ? 15 ಕೆ.ಜಿ. ಬಾಕ್ಸಿಗೆ ನನಗೆ ಸಿಕ್ಕಿದ್ದು 40 ರೂಪಾಯಿ. ಗಾಡಿ ಬಾಡಿಗೆ, ಕಮಿಷನ್ ಕಳೆದರೆ ಟೀ ಕಾಸು ಉಳಿಯಿತು.

ನಾನು ಯಾರನ್ನೂ ಬೈಯಲಿಲ್ಲ. ಕುಡಿಯಲೂ ಹೋಗಲಿಲ್ಲ. ಚರ್ಚ್ ಮುಚ್ಚಿತ್ತು, ಪಾಸ್ಟರ್ ಫೋನಿನಲ್ಲೇ ಪ್ರಾರ್ಥನೆ ಮಾಡುತ್ತಿದ್ದರು. ನಾನು ದಿನಾ ಬೆಳಿಗ್ಗೆ ಮೊಣಕಾಲೂರಿ ಸೈರಣೆ ಕೊಡು ಸ್ವಾಮಿ ಅಂತ ಬೇಡುತ್ತಿದ್ದೆ. ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ನಮ್ಮಜ್ಜಿ ಬೈಬಲ್‌ನ ಗಲಾತ್ಯದವರ ಪತ್ರಿಕೆಯಲ್ಲಿ ಬರುವ ಆತ್ಮನ ಫಲಗಳನ್ನು, ಅಂದರೆ ದೇವರ ಆತ್ಮ ಮನುಷ್ಯನಲ್ಲಿ ಬೆಳೆಸುವ ಗುಣಗಳನ್ನು, ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿಸಿದ್ದರು. ಪ್ರೀತಿಯಿಂದ ಹಿಡಿದು ಶಮೆದಮೆ (ಮನಸ್ಸಿನ ಹತೋಟಿ) ತನಕ ಒಂಬತ್ತು. ಅದರಲ್ಲಿ ದೀರ್ಘಶಾಂತಿ, ಅಂದರೆ ಸೈರಣೆ, ಅನ್ನೋದು ನನಗೆ ಚೆನ್ನಾಗಿಯೇ ಹತ್ತಿದೆ ಅಂತ ಒಳಗೊಳಗೇ ಸಂತೋಷ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಜಂಬವೂ ಇತ್ತು.

ಶುಭ ಶುಕ್ರವಾರದ ಹಿಂದಿನ ರಾತ್ರಿ ಯಾಕೋಬನ ಪತ್ರಿಕೆ ತೆಗೆದೆ. ಐದನೇ ಅಧ್ಯಾಯದ ಏಳನೇ ವಚನದಲ್ಲಿ ರೈತನ ಮಾತು ಬರುತ್ತದೆ. ಬೆಳೆಗಾಗಿ, ಮುಂಗಾರು ಹಿಂಗಾರು ಮಳೆ ಬರುವ ತನಕ, ಅವನು ತಾಳ್ಮೆಯಿಂದ ಕಾದಿರುತ್ತಾನಲ್ಲ, ನೀವೂ ಹಾಗಿರಿ ಅಂತ. ನನಗಾಗಿಯೇ ಬರೆದ ಹಾಗಿತ್ತು. ಆದರೆ ಪುಟ ತೆಗೆದಾಗ ಕಣ್ಣು ಬಿದ್ದದ್ದು ಅದಕ್ಕಿಂತ ಮೂರು ವಚನ ಹಿಂದಿನ ಮಾತಿನ ಮೇಲೆ. ಹೊಲ ಕೊಯ್ದ ಆಳುಗಳಿಗೆ ಕೊಡದೆ ಹಿಡಿದುಕೊಂಡ ಕೂಲಿ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಅಂತ ಅಲ್ಲಿದೆ.

ಪುಸ್ತಕ ಮುಚ್ಚಿಬಿಟ್ಟೆ.

ಆರು ಜನ ಹೆಂಗಸರು, ಏಳು ದಿನ, ದಿನಕ್ಕೆ 250. ಒಟ್ಟು 10,500 ರೂಪಾಯಿ ನಾನು ಕೊಡಬೇಕಿತ್ತು. "ಮುಂದಿನ ವಾರ ನೋಡೋಣಮ್ಮ" ಅಂತ ಎರಡು ಸಲ ಹೇಳಿ ಕಳಿಸಿದ್ದೆ. ನನ್ನ ಹೆಂಡತಿ ಅಷ್ಟರಲ್ಲಾಗಲೇ ಕೇಳಿದ್ದಳು, "ಅವ್ರ ದುಡ್ಡು ಏನ್ ಮಾಡ್ತೀರಾ?" ಅಂತ. ದೇವರು ದಾರಿ ತೋರಿಸ್ತಾನೆ ಅಂದಿದ್ದೆ. ಯೋಚಿಸಿ ನೋಡಿದರೆ ಆ ದಿನಗಳಲ್ಲಿ ಸೈರಣೆಯಿಂದ ಇದ್ದವರು ಅವರು. ನಾನು ಪ್ರಾರ್ಥನೆ ಮಾಡುತ್ತಿದ್ದೆ ಅಷ್ಟೆ.

ಹಟ್ಟಿಯಲ್ಲಿ ಎರಡು ಕುರಿ ಇದ್ದವು, ಮಗಳ ಫೀಸಿಗೆ ಅಂತ ಸಾಕಿದ್ದು. ಶನಿವಾರ ಪಕ್ಕದ ಊರಿನವರು ಬಂದು 11,000ಕ್ಕೆ ಹೊಡೆದುಕೊಂಡು ಹೋದರು. ಅವತ್ತು ಸಂಜೆಯೇ ಕೊಡೋಕೆ ಹೊರಟೆ. ಆ ಆರು ಜನರಲ್ಲಿ ಹಿರಿಯರಾದ ಅಕ್ಕ ಒಬ್ಬರಿದ್ದಾರೆ. ಜಗಲಿ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮನೇಲಿ ಸೊಸೈಟಿ ಅಕ್ಕಿ ಇದೆ, ಎಣ್ಣೆಗೆ ಕಾಸಿಲ್ಲ ಅಂದರು. ನೋಟು ಕೊಟ್ಟೆ. ಅಂಟಾದ ಬೆರಳನ್ನು ಸೀರೆಗೆ ಒರೆಸಿ, ನಾಲಿಗೆಗೆ ಮುಟ್ಟಿಸಿ, ಎಣಿಸಿದರು. ಮತ್ತೆ ಮೊದಲಿಂದ ಎಣಿಸಿದರು. 1,750 ಸರಿಯಾಗಿದೆ ಅಂತಾದ ಮೇಲೆ ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡು ಹೇಳಿದರು:

"ನೀನು ಕೊಡಲ್ಲ ಅಂತಾನೇ ಅಂದ್ಕೊಂಡಿದ್ವಪ್ಪ."

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಮಾರನೇ ದಿನ, ಏಪ್ರಿಲ್ 12, ಈಸ್ಟರ್. ಚರ್ಚ್ ಇಲ್ಲ, ಹೊಸ ಬಟ್ಟೆ ಇಲ್ಲ. ಮಾರಲಾಗದ ಹಣ್ಣನ್ನು ಬಾಕ್ಸ್‌ಗಳಲ್ಲಿ ಬೀದಿ ಕೊನೆಗೆ ಇಟ್ಟೆವು, ಬೇಕಾದವರು ಒಯ್ಯಲಿ ಅಂತ. ಅದನ್ನು ದಾನ ಅನ್ನಲು ನನಗೆ ನಾಚಿಕೆ. ಕೊಳೆಯೋ ಹಣ್ಣು ಕೊಡುವುದರಲ್ಲಿ ಏನು ದೊಡ್ಡತನ, ಅಲ್ವಾ?

ಇನ್ನೊಂದು ವಿಷಯದಲ್ಲಿ ನಾನು ಇವತ್ತಿಗೂ ಪಾಸಾಗಿಲ್ಲ. ಮಂಡಿಯ ಒಬ್ಬರಿಂದ ನನಗೆ 18,000 ಬರಬೇಕಿತ್ತು. ಏಳೆಪ್ಪತ್ತು ಸಲ ಕ್ಷಮಿಸು ಅನ್ನುವ ಯೇಸುವಿನ ಮಾತು ನನಗೂ ಗೊತ್ತು. ಆದರೆ ಅವರ ಅಂಗಡಿ ಕಂಡರೆ ಹೊಟ್ಟೆ ಉರಿಯುತ್ತಿತ್ತು. ಕ್ಷಮಿಸುವುದು ಅಂದರೆ ಬಾಕಿ ಚೀಟಿ ಹರಿದು ಹಾಕುವುದಾ ಅಂತ ಪಾಸ್ಟರನ್ನೇ ಕೇಳಿದೆ. ಕೇಳೋದು ನಿನ್ನ ಹಕ್ಕು, ಕೂಗಾಡೋದು ಬೇಡ ಅಂದರು. ವಾರಕ್ಕೊಮ್ಮೆ ಹೋಗಿ ಮೆಲ್ಲಗೆ ಕೇಳಿದೆ. ಆ ಹೊತ್ತಿಗೆ ಒಂದು ಉಪಾಯ ಕಂಡುಕೊಂಡಿದ್ದೆ: ಒಳಗೆ ಕಾಲಿಡುವ ಮೊದಲು ಅವರ ಮಕ್ಕಳ ಹೆಸರು ಹಿಡಿದು ಒಂದು ಸಣ್ಣ ಪ್ರಾರ್ಥನೆ. ಅದರಿಂದ ನನ್ನ ಗಂಟಲು ಏರುವುದು ನಿಂತಿತು. 12,000 ಬಂತು. ಉಳಿದದ್ದು ನೆನಪಾದರೆ ಈಗಲೂ ಒಂದು ಕ್ಷಣ ಮನಸ್ಸು ಕೆಡುತ್ತದೆ.

ಕೂಲಿ ವಿಷಯದಲ್ಲಿ ಮಾತ್ರ ಒಂದು ಪದ್ಧತಿ ಮಾಡಿಕೊಂಡೆ. ಹೊತ್ತು ಮುಳುಗುವುದರೊಳಗೆ ಕೂಲಿ ಕೊಟ್ಟುಬಿಡು ಅಂತ ಬೈಬಲ್‌ನ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿದೆ. ಅದಕ್ಕಾಗಿ ಗೊಬ್ಬರ, ಔಷಧಿ ತರುವ ಮೊದಲೇ ಕೂಲಿ ದುಡ್ಡನ್ನು ಒಂದು ಹಾರ್ಲಿಕ್ಸ್ ಡಬ್ಬಿಯಲ್ಲಿ ಎತ್ತಿಡುತ್ತೇನೆ. ಡಬ್ಬಿ ತುಂಬದಿದ್ದರೆ ಅಷ್ಟು ಕಡಿಮೆ ಜಾಗಕ್ಕೆ ನಾಟಿ. 2023ರಲ್ಲಿ ಹಾಗೇ ಟೊಮೇಟೊ ಬಿಟ್ಟು ಅರ್ಧ ಎಕರೆ ಬೀನ್ಸ್ ಹಾಕಿದೆ. ಆ ಜುಲೈನಲ್ಲೇ ಕೋಲಾರದಲ್ಲಿ ಟೊಮೇಟೊ ಬಾಕ್ಸ್ 2,000 ದಾಟಿತು! ಬೀನ್ಸ್ ಬಿಡಿಸುತ್ತಾ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಏನಿತ್ತು.

ಆ ಅಕ್ಕ ಈಗಲೂ ಕೆಲಸಕ್ಕೆ ಬರುತ್ತಾರೆ. ಸಂಜೆ ಐದಕ್ಕೆ ದುಡ್ಡು ಕೊಟ್ಟರೆ ಈಗಲೂ ಎರಡು ಸಲ ಎಣಿಸುತ್ತಾರೆ. ಎಣಿಸಿ ಮುಗಿಯುವ ತನಕ ನಾನು ಅಲ್ಲೇ ನಿಂತಿರುತ್ತೇನೆ.