ಕೊಡಗಿನ ದಿನದರ್ಶಿಯನ್ನು ಬರೆದಿಡುವ ಕ್ರಮ

ದಿನಕ್ಕೊಂದು ಪುಟವಿರುವ ದಪ್ಪ ನೋಟ್‌ಬುಕ್ಕಿನಲ್ಲಿ ವರ್ಷವನ್ನು ನಮೂದಿಸದೆ ದಿನಾಂಕವನ್ನಷ್ಟೇ ಬರೆದುಕೊಂಡರೆ, ಅದೇ ಪುಟ ಪ್ರತಿವರ್ಷವೂ ಉಪಯೋಗಕ್ಕೆ ಬರುತ್ತದೆ. ಬದಲಾಗದ ಇತಿಹಾಸವನ್ನು ಮೊದಲು ಶಾಯಿಯಲ್ಲಿ ಬರೆಯಿರಿ: 1949ರ ಜನವರಿ 15ರಂದು ಕೊಡಗಿನ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದದ್ದು, 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದದ್ದು. ಹಬ್ಬಗಳಿಗೆ ಮಾತ್ರ ಎಚ್ಚರ ಬೇಕು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದೇ ಬರುತ್ತದೆ. ಸುಗ್ಗಿಯ ಹಬ್ಬವಾದ ಹುತ್ತರಿಯಾದರೋ ನಕ್ಷತ್ರ, ಹುಣ್ಣಿಮೆಗಳನ್ನು ನೋಡಿ ನಿಶ್ಚಯವಾಗುವುದರಿಂದ ಅದನ್ನು ಪೆನ್ಸಿಲಿನಲ್ಲಿ ಬರೆದು, ತಲಕಾವೇರಿಯಲ್ಲಿ ಕಾವೇರಿ ತೀರ್ಥ ಉಕ್ಕುವ ತೀರ್ಥೋದ್ಭವದ ಗಳಿಗೆಯನ್ನು ಪ್ರಕಟವಾದ ಮೇಲೆಯೇ ಸೇರಿಸುವುದು ಒಳ್ಳೆಯದು. ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ 18ರ (ಕೊಡವರ ಕಕ್ಕಡ ತಿಂಗಳ 18ನೇ ದಿನ) ಪುಟದಲ್ಲಿ, ಅಂದು ಮದ್ದುಸೊಪ್ಪೆಂಬ ಔಷಧಿ ಗಿಡದಿಂದ ಮಾಡುವ ಪಾಯಸ ಉಂಡವರ ಮೂತ್ರ ಕೆಂಪಾಗುತ್ತದೆಂಬ ಸ್ವಾರಸ್ಯವನ್ನು ಬರೆಯಲು ಸಂಕೋಚಪಡಬೇಕಿಲ್ಲ. ಮಕ್ಕಳು ಮೊದಲು ಓದುವುದು ಅದನ್ನೇ. ಉಳಿದ ಅರ್ಧ ಪುಟದಲ್ಲಿ ಅಂದಿನ ಮಳೆಯ ಅಳತೆ, ಕಾಫಿ ಹೂ ಅರಳಿದ ಸುದ್ದಿ, ಮನಸ್ಸಿಗೆ ತೋಚಿದ ಮಾತು ಇವನ್ನು ಅಂಚಿನಲ್ಲಿ ಇಸವಿ ಗುರುತಿಸಿ ಮೂರು ಸಾಲು ಮೀರದಂತೆ ಬರೆಯಬೇಕು.