ಥರ್ಡ್ ಪಾರ್ಟಿ ಕ್ಲೇಮುಗಳ ಮೀಸಲು ಲೆಕ್ಕವನ್ನು ನಾನು ಕಂಪ್ಯೂಟರಿಗೆ ಒಪ್ಪಿಸಿದ ಬಗೆ

ಹಾವೇರಿ ದಾಟಿದ ಮೇಲೆ ಹೆದ್ದಾರಿಯಲ್ಲಿ ಲಾರಿಯೊಂದು ಬೈಕಿಗೆ ಗುದ್ದಿತು ಎಂದಿಟ್ಟುಕೊಳ್ಳಿ. ಮೊದಲು ಆಸ್ಪತ್ರೆ, ಆಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ, ಅಂಗವೈಕಲ್ಯ ಎಷ್ಟು ಶೇಕಡಾ ಎಂಬ ವಾದ, ತೀರ್ಪು, ಅದರ ಮೇಲೆ ಉಚ್ಚ ನ್ಯಾಯಾಲಯದ ಧಾರವಾಡ ಪೀಠದಲ್ಲಿ ಮೇಲ್ಮನವಿ. ಕೊನೆಯ ರೂಪಾಯಿ ಆ ಕುಟುಂಬದ ಕೈ ಸೇರುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತದೆ. ಆ ರೂಪಾಯಿಯನ್ನು ಲಾರಿಯ ವಿಮಾ ಕಂಪನಿ ಇಂದೇ ಅಂದಾಜು ಮಾಡಿ ತೆಗೆದಿಡಬೇಕು. ಅದೇ ಮೀಸಲು. ಅಪಘಾತ ಆಗಿಹೋಗಿದ್ದರೂ ಕಂಪನಿಗೆ ಇನ್ನೂ ಸುದ್ದಿ ಮುಟ್ಟದ ಕ್ಲೇಮುಗಳಿಗೂ ಹಣ ಇಡಬೇಕು. ಆ ಭಾಗಕ್ಕೆ ನಮ್ಮ ಕಚೇರಿಗಳಲ್ಲಿ ಐಬಿಎನ್‌ಆರ್ ಎನ್ನುತ್ತಾರೆ.

ಹುಬ್ಬಳ್ಳಿಯ ವಿದ್ಯಾನಗರದ ಮನೆಯಿಂದಲೇ ಮುಂಬೈಯ ಒಂದು ಸಾಮಾನ್ಯ ವಿಮಾ ಕಂಪನಿಗೆ ನಾನು ಮಾಡುವ ಕೆಲಸ ಇದು. ಮೊದಲು ಎಲ್ಲವೂ ಎಕ್ಸೆಲ್‌ನಲ್ಲಿತ್ತು. ಮೂರು ತಿಂಗಳಿಗೊಮ್ಮೆ ಹಳೆಯ ಕಡತ ತೆರೆದು, ಹೊಸ ಅಂಕಿಗಳನ್ನು ಅಂಟಿಸಿ, ಸೂತ್ರಗಳನ್ನು ಒಂದು ಅಂಕಣ ಮುಂದಕ್ಕೆ ಎಳೆಯುವುದೇ ಬಹುಪಾಲು ಕೆಲಸವಾಗಿತ್ತು. ಅಂಕಿಗಳ ಬಗ್ಗೆ ಯೋಚಿಸಲು ಸಮಯವೇ ಉಳಿಯುತ್ತಿರಲಿಲ್ಲ. ಪೈಥಾನ್‌ನಲ್ಲಿ ಈ ಲೆಕ್ಕಕ್ಕೆಂದೇ ಇರುವ ಚೈನ್‌ಲ್ಯಾಡರ್ ಎಂಬ ಉಚಿತ ಪ್ಯಾಕೇಜನ್ನು ಕಲಿತು, ಎಲ್ಲವನ್ನೂ ಅದರ ಸುತ್ತ ಕಟ್ಟಲು ಹೊರಟಿದ್ದು ಈ ಕಾರಣಕ್ಕೆ.

ತ್ರಿಕೋನ ಕಟ್ಟುವುದು ಸುಲಭದ ಭಾಗ. ಅಪಘಾತದ ವರ್ಷಗಳು ಅಡ್ಡಸಾಲುಗಳಲ್ಲಿ, ಆ ವರ್ಷ ಶುರುವಾದಾಗಿನಿಂದ ಕಳೆದ ತಿಂಗಳುಗಳು ಕಂಬಸಾಲುಗಳಲ್ಲಿ. ಪಾವತಿಯಾದ ಮೊತ್ತಗಳನ್ನು ಕೂಡಿಸುತ್ತ ಹೋದರೆ ಎಡಕ್ಕೆ ತುಂಬಿದ, ಬಲಕ್ಕೆ ಖಾಲಿ ಬಿಟ್ಟ, ತ್ರಿಕೋನದ ಆಕಾರದ ಕೋಷ್ಟಕ ಸಿಗುತ್ತದೆ. ಹನ್ನೆರಡನೇ ತಿಂಗಳಿನಿಂದ ಇಪ್ಪತ್ತನಾಲ್ಕನೇ ತಿಂಗಳಿಗೆ ಮೊತ್ತ ಎಷ್ಟು ಪಟ್ಟು ಬೆಳೆಯಿತು ಎಂಬ ಅನುಪಾತ ನೋಡಿ ಖಾಲಿ ಜಾಗ ತುಂಬುವುದೇ ಚೈನ್ ಲ್ಯಾಡರ್ ವಿಧಾನ. ಪ್ಯಾಕೇಜಿಗೆ ಇದೆಲ್ಲ ಕೆಲವೇ ಸಾಲುಗಳ ಕೆಲಸ.

ಕಷ್ಟವಿದ್ದದ್ದು ಅದಕ್ಕೂ ಮುಂಚಿನ ಹಂತದಲ್ಲಿ. 2014ರ ನವೆಂಬರ್ 1ರಂದು ನಮ್ಮ ಊರುಗಳ ಹೆಸರು ಬದಲಾದವಲ್ಲ, ಹಳೆಯ ದಾಖಲೆಗಳಲ್ಲಿ ಹುಬ್ಳಿ, ಬೆಳಗಾಂ, ಬಿಜಾಪುರ. ಹೊಸವುಗಳಲ್ಲಿ ಹುಬ್ಬಳ್ಳಿ, ಬೆಳಗಾವಿ, ವಿಜಯಪುರ. ಹೆಸರು ನೋಡಿ ಗುಂಪು ಮಾಡಿದರೆ ಒಂದೇ ಶಾಖೆ ಎರಡಾಗಿ ಒಡೆಯುತ್ತದೆ. ಆದ್ದರಿಂದ ಹೆಸರುಗಳನ್ನು ಪೂರ್ತಿ ಕೈಬಿಟ್ಟು ಶಾಖೆಯ ಸಂಕೇತ ಸಂಖ್ಯೆಯ ಮೇಲೆ ಎಲ್ಲವನ್ನೂ ನಿಲ್ಲಿಸಿದೆ. ಅಪಘಾತಕ್ಕಿಂತ ಮುಂಚಿನ ತಾರೀಕಿನ ಪಾವತಿ, ಮುಚ್ಚಿದ ಮೇಲೂ ಬಾಕಿ ತೋರಿಸುವ ಕ್ಲೇಮು, ಎರಡು ಸಲ ದಾಖಲಾದ ಚೆಕ್ಕು, ಇಂಥವನ್ನೆಲ್ಲ ಪ್ರೋಗ್ರಾಂ ಹೆಕ್ಕಿ ಬೇರೆ ಪಟ್ಟಿಗೆ ಹಾಕುತ್ತದೆ. ಒಟ್ಟು ಪಾವತಿ ಲೆಕ್ಕಪತ್ರ ವಿಭಾಗದ ಖಾತೆಯೊಂದಿಗೆ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಈ ಕೆಲಸಕ್ಕೆ ಕೈ ಹಾಕುವವರು ತಮ್ಮ ಸಮಯದ ದೊಡ್ಡ ಪಾಲನ್ನು ಇಲ್ಲಿಯೇ ಕಳೆಯಲಿ ಎಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ.

ಇನ್ನು ತೀರ್ಮಾನದ ವಿಷಯ. ಚೈನ್ ಲ್ಯಾಡರ್ ತೀರಾ ಹೊಸ ವರ್ಷಗಳಲ್ಲಿ ವಿಪರೀತ ಅಲುಗಾಡುತ್ತದೆ. ಕಾಲ್ಪನಿಕ ಅಂಕಿಗಳಲ್ಲಿ ಹೇಳುತ್ತೇನೆ. ಒಂದು ವರ್ಷದ ಪ್ರೀಮಿಯಂ 1 ಕೋಟಿ, ಮೊದಲ ಹನ್ನೆರಡು ತಿಂಗಳಲ್ಲಿ ಕೊಟ್ಟದ್ದು 10 ಲಕ್ಷ, ಅದು ಕೊನೆಗೆ 8 ಪಟ್ಟಾಗುತ್ತದೆ ಎಂದು ಹಿಂದಿನ ವರ್ಷಗಳು ಹೇಳುತ್ತವೆ. ಒಟ್ಟು 80 ಲಕ್ಷ. ಲೆಕ್ಕ ಮುಚ್ಚುವ ಹಿಂದಿನ ದಿನ 2 ಲಕ್ಷದ ಇನ್ನೊಂದು ಪಾವತಿ ಆದರೆ ಅಂದಾಜು 96 ಲಕ್ಷಕ್ಕೆ ಜಿಗಿಯುತ್ತದೆ. 1972ರಲ್ಲಿ ಬಾರ್ನ್‌ಹ್ಯೂಟರ್ ಮತ್ತು ಫರ್ಗ್ಯುಸನ್ ಕೊಟ್ಟ ವಿಧಾನದಲ್ಲಿ ಹೀಗಾಗುವುದಿಲ್ಲ. ಪ್ರೀಮಿಯಂನ ಶೇ 80 ಕ್ಲೇಮಿಗೆ ಹೋಗುತ್ತದೆ ಎಂದು ಮೊದಲೇ ಊಹಿಸಿದರೆ, ಮೊದಲ ಹನ್ನೆರಡು ತಿಂಗಳಿಗೆ ಸಲ್ಲುವುದು ಎಂಟರಲ್ಲಿ ಒಂದು ಭಾಗವಾದ್ದರಿಂದ, ಅದರ ಉಳಿದ ಏಳು ಭಾಗ, ಅಂದರೆ 70 ಲಕ್ಷ, ಇನ್ನು ಕೊಡಬೇಕಾದದ್ದು. ಕೊಟ್ಟದ್ದು 12 ಲಕ್ಷವಾದರೆ ಒಟ್ಟು 82 ಲಕ್ಷ, ಅಷ್ಟೇ. ನನ್ನ ಪ್ರೋಗ್ರಾಂ ಎರಡನ್ನೂ ಲೆಕ್ಕ ಹಾಕಿ, 1993ರ ಮ್ಯಾಕ್ ವಿಧಾನದಿಂದ ಚೈನ್ ಲ್ಯಾಡರ್ ಅಂದಾಜು ಎಷ್ಟು ಏರುಪೇರಾಗಬಹುದು ಎಂಬುದನ್ನೂ ಪಕ್ಕದಲ್ಲಿ ಇಡುತ್ತದೆ. ಯಾವುದನ್ನು ಒಪ್ಪಬೇಕೆಂದು ಅದು ಹೇಳುವುದಿಲ್ಲ. ಹೇಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂದರೆ ಅನುಪಾತಗಳ ಹಿಂದೆ ನ್ಯಾಯಾಲಯಗಳಿವೆ. ಧಾರವಾಡದಲ್ಲಿ ವಕೀಲರಾಗಿರುವ ನಮ್ಮ ಕಾಕಾ ಒಮ್ಮೆ ನನ್ನ ತ್ರಿಕೋನವನ್ನು ನೋಡಿ, ಒಂದೇ ಕರ್ಣರೇಖೆಯ ಮೇಲೆ, ಅಂದರೆ ಒಂದೇ ಕ್ಯಾಲೆಂಡರ್ ಅವಧಿಯಲ್ಲಿ, ಹಳೆಯ ವರ್ಷಗಳೆಲ್ಲ ಒಟ್ಟಿಗೆ ಉಬ್ಬಿದ್ದು ಏಕೆಂದು ಕೇಳಿದರು. ಅವರೇ ಉತ್ತರವನ್ನೂ ಕೊಟ್ಟರು: "ಇದು ಲೋಕ ಅದಾಲತ್ ಆದ ತ್ರೈಮಾಸಿಕ ಇರಬೇಕು ನೋಡು. ಬಾಕಿ ಇದ್ದದ್ದೆಲ್ಲ ಒಂದೇ ದಿನ ರಾಜಿಯಾಗಿದೆ." ತಾರೀಕು ಹುಡುಕಿದರೆ ಹಾಗೆಯೇ ಇತ್ತು. ಹಣ ಬೇಗ ಹೋಗಿದೆಯೇ ಹೊರತು ಹೆಚ್ಚು ಹೋಗಿಲ್ಲ. ಅದೇ ಅನುಪಾತವನ್ನು ಮುಂದಕ್ಕೂ ಹಚ್ಚಿದರೆ ಮೀಸಲು ಸುಮ್ಮನೆ ಉಬ್ಬುತ್ತಿತ್ತು.

ಆದರೆ ಎಲ್ಲ ಉಬ್ಬೂ ಅಂಥದ್ದಲ್ಲ. 2017ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪ್ರಣಯ್ ಸೇಠಿ ಪ್ರಕರಣದಲ್ಲಿ, ಮೃತರು ನಲವತ್ತರೊಳಗಿನ ಸ್ವಂತ ಉದ್ಯೋಗಿಯಾಗಿದ್ದರೆ ಅವರ ಆದಾಯಕ್ಕೆ ಭವಿಷ್ಯದ ಏರಿಕೆಯೆಂದು ಶೇ 40 ಸೇರಿಸಬೇಕೆಂದಿತು. ಗದಗಿನ ಗ್ಯಾರೇಜಿನವನ ಕುಟುಂಬಕ್ಕೂ ಸಲ್ಲುವ ಈ ಏರಿಕೆ ತಾತ್ಕಾಲಿಕವಲ್ಲ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಬಂದಾಗ ಕ್ಲೇಮುಗಳು ವರದಿಯಾಗುವ ವೇಗವನ್ನೂ ಹಳೆಯ ವರ್ಷಗಳಿಂದ ಕಣ್ಣುಮುಚ್ಚಿ ತೆಗೆದುಕೊಳ್ಳುವಂತಿರಲಿಲ್ಲ. ಲೋಕ ಅದಾಲತ್ತಿನ ಉಬ್ಬನ್ನು ತೆಗೆದುಹಾಕಬೇಕು, ತೀರ್ಪಿನಿಂದಾದ ಏರಿಕೆಯನ್ನು ಉಳಿಸಿಕೊಳ್ಳಬೇಕು, ಆರು ತಿಂಗಳ ನಿಯಮಕ್ಕೆ ಹೊಸ ಅನುಪಾತ ಬೇಕು. ತ್ರಿಕೋನದಲ್ಲಿ ಮೂರೂ ಬರಿಯ ಅಂಕಿಗಳೇ.

ಹೀಗಾಗಿ ನಾನು ಆಯ್ಕೆಗಳಿಗೆಂದೇ ಪ್ರತ್ಯೇಕ ಕಡತ ಇಟ್ಟಿದ್ದೇನೆ. ಪ್ರತಿ ಅನುಪಾತಕ್ಕೂ ಒಂದು ಸಾಲು: ಪ್ರೋಗ್ರಾಂ ತೆಗೆದ ಸರಾಸರಿ, ನಾನು ಆರಿಸಿದ ಅಂಕಿ, ಕಾರಣ. ಎರಡೂ ಅಂಕಿಗಳು ಬೇರೆಯಾಗಿದ್ದು ಕಾರಣದ ಅಂಕಣ ಖಾಲಿ ಇದ್ದರೆ ಪ್ರೋಗ್ರಾಂ ಮುಂದೆ ಓಡುವುದಿಲ್ಲ. "ಅನುಭವದ ಮೇಲೆ" ಎಂದು ಬರೆದರೆ ಓಡುತ್ತದೆ, ನಿಜ; ಆದರೆ ನಮ್ಮ ಆಕ್ಚುವರಿ (ವಿಮಾ ಗಣಿತ ತಜ್ಞೆ) ಮೇಡಂ ಅದನ್ನು ಒಪ್ಪುವುದಿಲ್ಲ. ಹಿಂದಿನ ತ್ರೈಮಾಸಿಕದ ಕಡತವೂ ಹಾಗೆಯೇ ಉಳಿದಿರುವುದರಿಂದ ಯಾವ ಅಂಕಿ ಯಾವಾಗ, ಯಾಕೆ ಬದಲಾಯಿತು ಎಂದು ಲೆಕ್ಕಪರಿಶೋಧಕರು ಕೇಳಿದಾಗ ನೆನಪನ್ನು ನಂಬಿ ಕೂರಬೇಕಿಲ್ಲ.

ಕಡೆಯದಾಗಿ ಸೇರಿಸಿದ ಭಾಗವೇ ಈಗ ನನಗೆ ಹೆಚ್ಚು ಉಪಯೋಗಕ್ಕೆ ಬರುತ್ತಿದೆ. ಮುಂದಿನ ಮೂರು ತಿಂಗಳಲ್ಲಿ ಪ್ರತಿ ಅಪಘಾತ ವರ್ಷಕ್ಕೆ ಎಷ್ಟು ಪಾವತಿ ಆಗಬೇಕು ಎಂದು ಪ್ರೋಗ್ರಾಂ ಈಗಲೇ ಬರೆದಿಡುತ್ತದೆ; ಸಮಯ ಬಂದಾಗ ನಿಜವಾದ ಪಾವತಿಯನ್ನು ಅದರ ಪಕ್ಕದಲ್ಲಿ ನಿಲ್ಲಿಸುತ್ತದೆ. ವ್ಯತ್ಯಾಸ ದೊಡ್ಡದಿದ್ದ ಸಾಲುಗಳನ್ನು ಹಿಡಿದು ನಾನು ಶಾಖೆಗಳ ಕ್ಲೇಮು ವಿಭಾಗಕ್ಕೆ ಫೋನ್ ಮಾಡುತ್ತೇನೆ. ಎಕ್ಸೆಲ್‌ನ ಕಾಲದಲ್ಲಿ ಸೂತ್ರ ಎಳೆಯುವುದಕ್ಕೆ ಹೋಗುತ್ತಿದ್ದ ದಿನಗಳು ಈಗ ಈ ಫೋನುಗಳಿಗೆ ಸಿಗುತ್ತಿವೆ.