ಚಾಮುಂಡಿ ಬೆಟ್ಟಕ್ಕಿಂತ ತಗ್ಗು, ಹತ್ತಿಳಿಯಲು ಮೂರು ದಿನ: ಸ್ಕಾಟ್‌ಲೆಂಡಿನ ಅ ವೈಜನ್‌ಗೆ ತಯಾರಿ

ಅ ವೈಜನ್ ಬೆಟ್ಟದ ಎತ್ತರ 967 ಮೀಟರ್. ಸಮುದ್ರಮಟ್ಟದ ಲೆಕ್ಕದಲ್ಲಿ ನಮ್ಮ ಚಾಮುಂಡಿ ಬೆಟ್ಟದ ನೆತ್ತಿ ಅದಕ್ಕಿಂತ ಸುಮಾರು ನೂರು ಮೀಟರ್ ಮೇಲಿದೆ. ಬೆಳಿಗ್ಗೆ ಸಾವಿರ ಮೆಟ್ಟಿಲು ಹತ್ತಿಳಿದು ತಿಂಡಿಗೆ ಮನೆ ಸೇರುವವರು ಈ ಅಂಕಿ ನೋಡಿ ಮೋಸ ಹೋಗಬಾರದು. ಮೈಸೂರು ಊರೇ 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಹತ್ತುವುದು ಬರೀ ಮುನ್ನೂರು ಮೀಟರ್. ಅಲ್ಲಿ ಕಡಲಂಚಿನಿಂದಲೇ ಹೊರಡಬೇಕು. ಸ್ಕಾಟ್‌ಲೆಂಡಿನಲ್ಲಿ ಮೂರು ಸಾವಿರ ಅಡಿ ಮೀರಿದ 282 ಬೆಟ್ಟಗಳನ್ನು ಮನ್ರೊ ಎನ್ನುತ್ತಾರೆ. ಅವುಗಳಲ್ಲಿ ರಸ್ತೆಯಿಂದ ತೀರಾ ದೂರದ್ದು ಎಂದು ಹೆಸರಾಗಿರುವುದು ಇದೇ. ಅಲ್ಲಿ ಅಪಾಯ ಎತ್ತರದ್ದಲ್ಲ. ನೆನೆದ ಬಟ್ಟೆ, ಗಾಳಿ, ಉಕ್ಕಿದ ಹಳ್ಳ, ಈ ಮೂರರದು.

ಮೇ ತಿಂಗಳಿಂದ ಜೂನ್ ಮೊದಲ ವಾರದವರೆಗೆ ಹೋಗುವುದು ಒಳ್ಳೆಯದು. ಮಳೆ ಕೊಂಚ ಕಡಿಮೆ, ಹಗಲು ಹದಿನೇಳು ಗಂಟೆಯಷ್ಟು ಉದ್ದ, ಮಿಡ್ಜ್ ಎಂಬ ಕಚ್ಚುವ ಸಣ್ಣ ನೊಣಗಳ ಕಾಟ ಇನ್ನೂ ಜೋರಾಗಿರುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜಿಂಕೆ ಬೇಟೆ ಜೋರು, ಆ ಜಮೀನಿನ ಎಸ್ಟೇಟಿನವರನ್ನು ಮೊದಲೇ ಕೇಳಿ ಹೊರಡಿ. ಚಳಿಗಾಲ ಹೊಸಬರಿಗಲ್ಲ.

ಉತ್ತರ ಸ್ಕಾಟ್‌ಲೆಂಡಿನ ಇನ್ವರ್ನೆಸ್ ನಗರದಿಂದ ಬಸ್ ಅಥವಾ ಕಾರಿನಲ್ಲಿ ಪೂಲ್‌ಯೂ ಎಂಬ ಹಳ್ಳಿ ತಲುಪಿ. ಬಸ್ಸುಗಳು ವಿರಳ, ವಾಪಸು ಬರುವ ಬಸ್ಸಿನ ದಿನ ನೋಡಿಕೊಂಡೇ ಹೊರಡುವ ದಿನ ಗೊತ್ತುಮಾಡಿ. ಮೊದಲ ದಿನ ಪೂಲ್‌ಯೂನಿಂದ ಕರ್ನ್‌ಸರಿ ತೋಟದ ಮೇಲೆ ಹಾದು ಕಾರ್ನ್‌ಮೋರ್‌ವರೆಗೆ ಸುಮಾರು 16 ಕಿಲೋಮೀಟರ್. ಫಿಯೋನ್ ಲಾಕ್, ದೂ ಲಾಕ್ ಎಂಬ ಎರಡು ಸರೋವರಗಳ ನಡುವಿನ ಕಲ್ಲಿನ ಕಾಲುದಾರಿ ದಾಟಿದರೆ ಕಾರ್ನ್‌ಮೋರ್. ಅಲ್ಲೊಂದು ಕೊಟ್ಟಿಗೆಯಂಥ ಕಟ್ಟಡವಿದೆ, ಅದನ್ನು ನೆಚ್ಚಿಕೊಳ್ಳದೆ ಟೆಂಟ್ ಒಯ್ಯಿರಿ. 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಾದರೂ ಅಲ್ಲಿ ಟೆಂಟ್ ಹಾಕಬಹುದು. ಶೌಚಕ್ಕೆ ನೀರಿನಿಂದ ಕನಿಷ್ಠ 30 ಮೀಟರ್ ದೂರ ಹೋಗಿ ಗುಂಡಿ ತೋಡಿ ಮುಚ್ಚಬೇಕು. ಎರಡನೇ ದಿನ ಹಗುರ ಚೀಲದೊಂದಿಗೆ ಬೆಟ್ಟ, ಮೂರನೇ ದಿನ ವಾಪಸು.

ಸಮಯದ ಅಂದಾಜಿಗೆ 1892ರಲ್ಲಿ ಸ್ಕಾಟ್‌ಲೆಂಡಿನ ಪರ್ವತಾರೋಹಿ ನೈಸ್ಮಿತ್ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹದಿನಾರು ಕಿಲೋಮೀಟರಿಗೆ ಮೂರೂಕಾಲು ಗಂಟೆ ಬರುತ್ತದೆ. ಹದಿಮೂರು ಕೆ.ಜಿ. ಹೊರೆ, ನಾಟಿಗೆ ಹದ ಮಾಡಿದ ಗದ್ದೆಯಂಥ ಜೌಗು, ಇವೆರಡಕ್ಕೂ ಅರ್ಧ ಸೇರಿಸಿ ಐದು ಗಂಟೆ ಇಟ್ಟುಕೊಳ್ಳಿ. ಜೌಗಿನಲ್ಲಿ ಹೊಳೆಯುವ ಎಳೆಹಸಿರು ಪಾಚಿ ಕಂಡಲ್ಲಿ ಕಾಲಿಡಬೇಡಿ, ಅಲ್ಲೇ ಆಳ. ಒರಟು ಹುಲ್ಲಿನ ಗಂಟುಗಳ ಮೇಲೆ ಹೆಜ್ಜೆ ಹಾಕಿ.

ಹಳ್ಳದ ವಿಷಯದಲ್ಲಿ ಯಾವ ರಾಜಿಯೂ ಬೇಡ. ರಾತ್ರಿ ಮಳೆ ಹೊಡೆದರೆ ನಿನ್ನೆ ಪಾದ ಮುಳುಗುವಷ್ಟಿದ್ದ ನೀರು ಇವತ್ತು ತೊಡೆಮಟ್ಟಕ್ಕೆ ಬರುತ್ತದೆ, ತಗ್ಗಿನ ಕಾಲುದಾರಿ ಮುಳುಗಲೂಬಹುದು. ದಾಟುವುದಾದರೆ ಹಳ್ಳ ಅಗಲವಾಗಿ, ಹಲವು ಕವಲಾಗಿ ಹರಿಯುವ ಕಡೆ ಹುಡುಕಿ. ತಿರುವಿನ ಹೊರಮಗ್ಗುಲು ಆಳವಾಗಿರುತ್ತದೆ, ಅಲ್ಲಿಗೆ ಹೋಗಬೇಡಿ. ಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿ. ಬಿದ್ದರೆ ಚೀಲ ಕಳಚಿ ಹೋಗಬೇಕು, ನಿಮ್ಮನ್ನು ನೀರಿನೊಳಗೆ ಒತ್ತಿ ಹಿಡಿಯಬಾರದು. ಶೂ ಬಿಚ್ಚದೆ, ನೀರು ಬರುವ ಕಡೆ ಮುಖ ಮಾಡಿ, ಕೋಲೂರಿ, ಒಂದೊಂದೇ ಕಾಲು ಸರಿಸಿ. ಮಂಡಿ ಮೀರಿದರೆ ಹಿಂದಿರುಗಿ. ಒಂದು ಹೊತ್ತು ಕಾದರೆ ನೀರು ಇಳಿಯುವುದೂ ಉಂಟು, ಅದಕ್ಕೇ ಒಂದು ದಿನದ ಊಟ ಹೆಚ್ಚಿಗೆ ಇರಬೇಕು.

ಬಟ್ಟೆಯಲ್ಲಿ ಹತ್ತಿಯದು ಬೇಡವೇ ಬೇಡ. ಜೀನ್ಸ್, ಕಾಟನ್ ಬನಿಯನ್ ನೆನೆದರೆ ಮೈಶಾಖವನ್ನು ಹೀರುತ್ತಲೇ ಇರುತ್ತವೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಬನಿಯನ್, ಫ್ಲೀಸ್, ಮೇಲೆ ಟೋಪಿಯಿರುವ ಮಳೆ ಜಾಕೆಟ್, ಮಳೆ ಪ್ಯಾಂಟು. ಪುಕ್ಕ ತುಂಬಿದ ಜಾಕೆಟ್ ನೆನೆದರೆ ಉಪಯೋಗವಿಲ್ಲ, ಸಿಂಥೆಟಿಕ್ ತುಂಬಿದ್ದೇ ಕೊಳ್ಳಿ. ಸಂಗಡಿಗರ ಬೆರಳು ಜಿಪ್ ಎಳೆಯಲು ತಡಕಾಡುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಚಪ್ಪಟೆ ನೆಲದಲ್ಲೂ ಎಡವುತ್ತಿದ್ದರೆ ಮೈ ತಣ್ಣಗಾಗುತ್ತಿದೆ ಎಂದರ್ಥ. ಆಗ ಮುಂದೆ ಹೋಗುವ ಮಾತಿಲ್ಲ: ಗಾಳಿ ಮರೆಗೆ ಕೂರಿಸಿ, ಒಣಬಟ್ಟೆ ಹಾಕಿ, ಸಿಹಿ ತಿನ್ನಿಸಿ, ಬಿಸಿ ಕುಡಿಸಿ.

ಕಾರ್ನ್‌ಮೋರ್‌ನಿಂದ ದಾರಿ ಮೇಲೇರಿ ಪಕ್ಕದ ಬೆಟ್ಟ ರೂಅ ಸ್ಟಾಕ್ ಮೋರ್ ಮತ್ತು ಅ ವೈಜನ್ ನಡುವಿನ ಕಣಿವೆಬಾಯಿ ಸೇರುತ್ತದೆ. ಅಲ್ಲಿಂದ ತುದಿಗೆ ಹುಲ್ಲಿನ ಇಳಿಜಾರು, ಸುಲಭ. ಆದರೆ ತುದಿಯ ಪಶ್ಚಿಮಕ್ಕೆ ನೇರ ಪ್ರಪಾತ, ಮಂಜು ಕವಿದಾಗ ಕಾಣಿಸುವುದೇ ಇಲ್ಲ. ಹಾಗಾಗಿ ಫೋನಿನ ಜೊತೆಗೆ ಕಾಗದದ ನಕ್ಷೆಯೂ ಬೇಕು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೇಯ ಲ್ಯಾಂಡ್‌ರೇಂಜರ್ 19ನೇ ನಕ್ಷೆ ಒಂದರಲ್ಲೇ ಇಡೀ ದಾರಿ ಬರುತ್ತದೆ. ಕಂಪಾಸನ್ನು ಮಾತ್ರ ಇನ್ವರ್ನೆಸ್‌ನಲ್ಲೇ ಕೊಳ್ಳಿ. ಭೂಮಿಯ ಕಾಂತಬಲ ಮೈಸೂರಿನಲ್ಲಿ ಹೆಚ್ಚುಕಡಿಮೆ ಅಡ್ಡಡ್ಡ ಇದ್ದರೆ ಅಲ್ಲಿ ಸುಮಾರು 70 ಡಿಗ್ರಿ ಕೆಳಮುಖ. ನಮ್ಮ ಕಡೆಗೆ ತೂಗಿ ಮಾಡಿದ ಮುಳ್ಳು ಅಲ್ಲಿ ವಾಲಿ, ತಳಕ್ಕೆ ಉಜ್ಜಿ ನಿಂತುಬಿಡುತ್ತದೆ. ನೂರು ಮೀಟರಿಗೆ ನಿಮ್ಮ ಎಡಗಾಲು ಎಷ್ಟು ಸಲ ಊರುತ್ತದೆಂದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಎಣಿಸಿಟ್ಟುಕೊಳ್ಳಿ. ಸಾಮಾನ್ಯವಾಗಿ ಅರವತ್ತರ ಆಸುಪಾಸು. ಮಂಜಿನಲ್ಲಿ ದೂರ ಅಳೆಯಲು ಅದೇ ಅಳತೆಗೋಲು.

ಹೊರಡುವ ಮೂರು ತಿಂಗಳ ಮೊದಲು ಐದು ಕೆ.ಜಿ. ಚೀಲ ಹೊತ್ತು ಚಾಮುಂಡಿ ಮೆಟ್ಟಿಲು ಹತ್ತಲು ಶುರುಮಾಡಿ, ವಾರವಾರ ತೂಕ ಏರಿಸಿ. ಕೊನೆಗೆ ಹದಿಮೂರು ಕೆ.ಜಿ. ಹೊತ್ತು ಒಂದೇ ಬೆಳಿಗ್ಗೆ ಮೂರು ಸಲ ಹತ್ತಿಳಿದರೆ ಕಾಲು ತಯಾರು. ಇಳಿಯುವುದನ್ನು ಬಿಟ್ಟು ಬಸ್ಸಿನಲ್ಲಿ ಬರಬೇಡಿ, ಮಂಡಿ ಸೋಲುವುದೇ ಇಳಿಯುವಾಗ.

ಊಟಕ್ಕೆ ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ, ಮಂಡ್ಯದ ಅಚ್ಚುಬೆಲ್ಲ ಚೆನ್ನಾಗಿ ಒದಗುತ್ತವೆ. ತುಪ್ಪ, ಪೇಡ ಬೇಡ: ಭಾರತದಿಂದ ಹಾಲಿನ ಪದಾರ್ಥ, ಮಾಂಸ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಿ.

ಹೋಗುವ ದಾರಿ, ಮರಳುವ ಗಂಟೆ ಬರೆದು ಒಬ್ಬರ ಕೈಗೆ ಕೊಟ್ಟು ಹೊರಡಿ. ಒಳನಾಡಿನಲ್ಲಿ ಸಿಗ್ನಲ್ ಇಲ್ಲವೆಂದೇ ತಿಳಿಯಿರಿ. ಸಿಕ್ಕರೆ 999ಕ್ಕೆ ಕರೆ ಮಾಡಿ ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎಂದು ಕೇಳಿ. ಸೀಟಿಯಾದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಮೂರು ಸಲ ಊದಿದ್ದು ಕೇಳಿದರೆ ಅದು ಉತ್ತರ.

ಪ್ರತಿ ಸಂಜೆ ಮಂಡಿ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಉಣುಗು ಕಚ್ಚಿದ್ದರೆ ಚೂಪುತುದಿಯ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚಬೇಡಿ, ಬೆಂಕಿ ತಾಗಿಸಬೇಡಿ. ಊರಿಗೆ ಬಂದ ಕೆಲವು ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಹರಡುವ ಕೆಂಪು ಬಳೆ ಕಂಡರೆ ಡಾಕ್ಟರ ಹತ್ತಿರ ಹೋಗಿ, ಸ್ಕಾಟ್‌ಲೆಂಡಿನಲ್ಲಿ ಉಣುಗು ಕಚ್ಚಿತ್ತು ಎಂದು ನೀವೇ ಹೇಳಿ. ಉಣುಗಿನಿಂದ ಬರುವ ಲೈಮ್ ಕಾಯಿಲೆ ನಮ್ಮ ಕಡೆ ಅಪರೂಪ, ಹೇಳದಿದ್ದರೆ ಅವರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ.